ಅರ್ಜಿಗೆ ಉತ್ತರವೇ ಬಾರದಿದ್ದರೆ: ಕೆಲಸಕ್ಕೆ ಆರಿಸುವವರ ಕಡೆಯಿಂದ ಕೆಲವು ಮಾತು

ಕೊಡಗಿನ ಶನಿವಾರಸಂತೆಯಿಂದ ಪ್ರಶ್ನೆ

ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಮೊದಲ ವರ್ಷ ಅಪ್ಪನ ಆರೋಗ್ಯ ಕೆಟ್ಟು, ಮೈಸೂರಿನ ಆಸ್ಪತ್ರೆಗೂ ಮನೆಗೂ ಓಡಾಡುವುದರಲ್ಲೇ ಕಳೆಯಿತು. ಈಚೆಗೆ ಬೆಂಗಳೂರು, ಮೈಸೂರು, ಕುಶಾಲನಗರ ಎನ್ನದೆ ಅರುವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದೇನೆ. ಎರಡು ಕರೆ ಬಂದವು, ಆಮೇಲೆ ಸುದ್ದಿಯಿಲ್ಲ. ಏನು ಕೊರತೆ ಎಂದು ಯಾರೂ ಹೇಳುವುದಿಲ್ಲ. ಜನರನ್ನು ಕೆಲಸಕ್ಕೆ ಆರಿಸುವವರು ಯಾರಾದರೂ ಇದ್ದರೆ, ನಮ್ಮ ಅರ್ಜಿ ನಿಮ್ಮ ಕೈ ಸೇರಿದ ಮೇಲೆ ನಿಜವಾಗಿ ಏನಾಗುತ್ತದೆ ಎಂದು ಹೇಳುತ್ತೀರಾ? ಬೆಂಗಳೂರಿಗೆ ಹೋಗಿ ಕುಳಿತೇ ಹುಡುಕಬೇಕೆ? ಮನೆಯಲ್ಲಿ ಎರಡು ಎಕರೆ ಕಾಫಿ ಇದೆ, ಅಪ್ಪ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ನಾಪೋಕ್ಲಿನಿಂದ, ನೇಮಕಾತಿ ಕೆಲಸದಲ್ಲಿರುವವರು

ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿಗಳಿಗೆ ಜನರನ್ನು ಆರಿಸಿದ್ದೇನೆ. ಈಗ ಮೂರು ವರ್ಷದಿಂದ ಊರಿನಲ್ಲೇ ಇದ್ದುಕೊಂಡು ಇಲ್ಲಿನ ರೆಸಾರ್ಟ್‌ಗಳಿಗೆ, ಕಾಫಿ ಸಂಸ್ಕರಣಾ ಘಟಕಗಳಿಗೆ ಅದೇ ಕೆಲಸ ಮಾಡಿಕೊಡುತ್ತಿದ್ದೇನೆ.

ಉತ್ತರ ಬರಲಿಲ್ಲವೆಂದರೆ ನಿಮ್ಮನ್ನು ಬೇಡವೆಂದರು ಎಂದುಕೊಳ್ಳಬೇಡಿ. ಎಷ್ಟೋ ಸಲ ನಿಮ್ಮ ಅರ್ಜಿಯನ್ನು ಯಾರೂ ತೆರೆದೇ ಇರುವುದಿಲ್ಲ. ಲೆಕ್ಕ ವಿಭಾಗದ ಒಂದು ಹುದ್ದೆಯನ್ನು ಪ್ರಕಟಿಸಿದರೆ ಎರಡು ದಿನದಲ್ಲಿ ಇನ್ನೂರು, ಮುನ್ನೂರು ಅರ್ಜಿ ಬಂದು ಬೀಳುತ್ತವೆ. ನಾನು ಮೊದಲು ಬಂದವುಗಳಿಂದ ಶುರು ಮಾಡುತ್ತೇನೆ. ಕರೆಯಬಹುದಾದ ಎಂಟು ಹತ್ತು ಹೆಸರು ಸಿಕ್ಕಿದ ಮೇಲೆ ನಿಲ್ಲಿಸುತ್ತೇನೆ. ನಾಲ್ಕನೆಯ ದಿನ ಬಂದ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ನನ್ನ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಕುಳಿತು ಇಪ್ಪತ್ತು ಕಡೆ ಕಳುಹಿಸುವುದಕ್ಕಿಂತ ದಿನವೂ ಬೆಳಿಗ್ಗೆ ಅರ್ಧ ಗಂಟೆ ನೋಡಿ, ಅಂದು ಪ್ರಕಟವಾದ ಎರಡಕ್ಕೆ ಸರಿಯಾಗಿ ಕಳುಹಿಸುವುದು ಮೇಲು.

ಕೆಲವು ಅರ್ಜಿಗಳಂತೂ ಹುಡುಕಾಟಕ್ಕೇ ಸಿಗುವುದಿಲ್ಲ. ನಾವು ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಎಂದು ಪದ ಕೊಟ್ಟು ಹುಡುಕುತ್ತೇವೆ. ನಮ್ಮ ಕಡೆಯ ಹುಡುಗರು ಸೈಬರ್ ಅಂಗಡಿಯಲ್ಲಿ ಮುದ್ರಿಸಿದ ಕಾಗದದ ಫೋಟೊ ತೆಗೆದು ಅದನ್ನೇ ಪಿಡಿಎಫ್ ಮಾಡಿ ಕಳುಹಿಸುತ್ತಾರೆ. ಎಷ್ಟೋ ಸಲ ಅದರೊಳಗಿನ ಅಕ್ಷರಗಳು ಕಂಪ್ಯೂಟರಿಗೆ ಬರೀ ಚಿತ್ರ. ಟೈಪ್ ಮಾಡಿದ ಮೂಲ ಕಡತದಿಂದಲೇ ಪಿಡಿಎಫ್ ಮಾಡಿಸಿ, ಅದನ್ನು ನಿಮ್ಮ ಮೊಬೈಲಿಗೆ ತೆಗೆದುಕೊಳ್ಳಿ. ಕಡತಕ್ಕೆ ನಿಮ್ಮ ಹೆಸರನ್ನೂ ಹುದ್ದೆಯ ಹೆಸರನ್ನೂ ಇಡಿ.

ಇವೆಲ್ಲ ಬಾಗಿಲ ಹೊರಗಿನ ಸಂಗತಿಗಳು. ಒಳಗೆ ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕಳೆದ ವರ್ಷದ ಒಂದು ಘಟನೆ ಹೇಳುತ್ತೇನೆ. ಕುಶಾಲನಗರದ ಒಂದು ಘಟಕಕ್ಕೆ ಲೆಕ್ಕ ಸಹಾಯಕರು ಬೇಕಾಗಿದ್ದರು. ಸುಂಟಿಕೊಪ್ಪ ಕಡೆಯ ಹುಡುಗಿಯೊಬ್ಬಳ ಅರ್ಜಿ ಬಂತು. ಮೇಲುಗಡೆ ಎಲ್ಲರ ಅರ್ಜಿಯಲ್ಲೂ ಇರುವ ‘ಸವಾಲಿನ ವಾತಾವರಣದಲ್ಲಿ ಕೌಶಲ ಬೆಳೆಸಿಕೊಳ್ಳುವ ಗುರಿ’, ಕೆಳಗಡೆ ಹವ್ಯಾಸ ಸಂಗೀತ ಕೇಳುವುದು, ಅನುಭವ ಎಂಬಲ್ಲಿ ಒಂದು ಅಡ್ಡಗೆರೆ. ಪಕ್ಕಕ್ಕಿಟ್ಟೆ. ಹುದ್ದೆ ತುಂಬದೆ ಎರಡನೆಯ ಸಲ ಪಟ್ಟಿ ತೆಗೆದಾಗ, ಮನೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಕರೆದೆ. ಕೇಳಿದ ಪ್ರಶ್ನೆಗಳಿಗೆಲ್ಲ ತಲೆ ತಗ್ಗಿಸಿ ಒಂದೊಂದೇ ಮಾತಿನ ಉತ್ತರ. ಕೊನೆಗೆ, ಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಏನು ಮಾಡುತ್ತೀಯಮ್ಮ ಎಂದೆ.

ಮೂರು ಕೊಯ್ಲಿನಿಂದ ಚೆಕ್‌ರೋಲ್, ಅಂದರೆ ಕಾರ್ಮಿಕರ ಹಾಜರಿ, ಕೂಲಿಯ ಪುಸ್ತಕ, ಬರೆಯುತ್ತಿದ್ದವಳು ಅವಳೇ. ಸಂಜೆ ಕಣದಲ್ಲಿ ತಕ್ಕಡಿಯ ಪಕ್ಕ ನಿಂತು ಇಪ್ಪತ್ತೆರಡು ಜನರ ಚೀಲ ತೂಗಿಸಿ, ಹೆಸರಿನ ಮುಂದೆ ಕೆ.ಜಿ. ಬರೆದು, ಶನಿವಾರ ಮುಂಗಡ ಕಳೆದು ಬಟವಾಡೆ ಮಾಡುತ್ತಿದ್ದಳು. ಒಂದು ವಾರ ಮೇಸ್ತ್ರಿಯ ಪುಸ್ತಕಕ್ಕೂ ಅವಳ ಪುಸ್ತಕಕ್ಕೂ ನಲವತ್ತು ಕೆ.ಜಿ. ವ್ಯತ್ಯಾಸ ಬಂದಿತ್ತಂತೆ. ರಾತ್ರಿ ಕುಳಿತು ಹೆಸರು ಹೆಸರಾಗಿ ತಾಳೆ ನೋಡಿ, ಒಂದೇ ಚೀಲ ಇಬ್ಬರ ಹೆಸರಿನಲ್ಲಿ ಸೇರಿದ್ದನ್ನು ಅವಳೇ ಹಿಡಿದಳು. ಇದನ್ನು ಹೇಳುವಾಗ ಅವಳ ತಲೆ ಮೇಲೆದ್ದಿತ್ತು. ಕೈಯಲ್ಲಿ ಗಾಳಿಯಲ್ಲೇ ಗೆರೆ ಎಳೆದು ಪುಸ್ತಕದ ಕಾಲಂ ತೋರಿಸುತ್ತಿದ್ದಳು. ಇದನ್ನೆಲ್ಲ ಏಕೆ ಬರೆಯಲಿಲ್ಲ ಎಂದು ಕೇಳಿದೆ. ‘ಅದು ಮನೆಯ ಕೆಲಸವಲ್ಲವೇ ಮೇಡಂ?’ ಎಂದಳು. ಮಾರನೆಯ ವಾರ ಆ ಘಟಕದಲ್ಲಿ ಕೆಲಸಕ್ಕೆ ಸೇರಿದಳು.

ನಾನು ಅವಳನ್ನು ಕೈಬಿಟ್ಟೇಬಿಡುತ್ತಿದ್ದೆ ಎಂಬ ಅಳುಕು ಇಂದಿಗೂ ನನಗಿದೆ. ನಾವು ಅರ್ಜಿಯಲ್ಲಿ ಹುಡುಕುವುದು ಒಂದೇ: ಈ ಕೆಲಸವನ್ನು ಹೋಲುವ ಏನನ್ನಾದರೂ ಇವರು ಮಾಡಿದ್ದಾರೆಯೇ? ಪರಿಶ್ರಮಿ, ಪ್ರಾಮಾಣಿಕ ಎಂಬ ಪದಗಳಿಂದ ಅದು ತಿಳಿಯುವುದಿಲ್ಲ. ‘ಮನೆಯ ತೋಟದಲ್ಲಿ 3 ಕೊಯ್ಲು 22 ಕಾರ್ಮಿಕರ ಹಾಜರಿ, ತೂಕ, ವಾರದ ಬಟವಾಡೆ ನೋಡಿಕೊಂಡಿದ್ದೇನೆ’ ಎಂಬ ಒಂದು ಸಾಲಿನಿಂದ ತಿಳಿಯುತ್ತದೆ. ನಿಮ್ಮದು ಎರಡೇ ಎಕರೆ ಇರಬಹುದು. ಔಟ್‌ಟರ್ನ್ (ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ) ಲೆಕ್ಕ ಹಾಕಿ ವ್ಯಾಪಾರಿಯೊಂದಿಗೆ ದರ ಮಾತನಾಡಿದವರು ಯಾರು? ಗೊಬ್ಬರದ ಸಾಲ, ಸಹಕಾರ ಸಂಘದ ಕಾಗದ ಪತ್ರ, ಆಸ್ಪತ್ರೆಯ ವಿಮೆಯ ಅರ್ಜಿ ನೋಡಿಕೊಂಡವರು ಯಾರು? ನೀವೇ ಆಗಿದ್ದರೆ ಅಷ್ಟನ್ನೂ ಬರೆಯಿರಿ. ಮಾಡದ್ದನ್ನು ಮಾತ್ರ ಬರೆಯಬೇಡಿ. ಎರಡನೆಯ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಖಾಲಿ ಉಳಿದ ವರ್ಷಕ್ಕೆ ನಾಚಬೇಕಾಗಿಲ್ಲ, ಮುಚ್ಚಿಡಲೂ ಬಾರದು. ‘ತಂದೆಯ ಚಿಕಿತ್ಸೆಗಾಗಿ ಒಂದು ವರ್ಷ ಮನೆಯಲ್ಲಿದ್ದೆ; ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ’ ಎಂದು ಬರೆದರೆ ಸಾಕು.

ಬೆಂಗಳೂರಿನ ವಿಚಾರ. ಕೊಡಗಿನ ವಿಳಾಸ ಕಂಡ ಕೂಡಲೇ ಅಲ್ಲಿ ಕುಳಿತವರಿಗೆ ಬರುವ ಅನುಮಾನ, ಇವರು ಬರುತ್ತಾರೆಯೇ, ಯಾವಾಗ ಬರುತ್ತಾರೆ ಎಂಬುದು. ವಿಳಾಸದ ಕೆಳಗೇ ‘ಬೆಂಗಳೂರಿಗೆ ಬರಲು ಸಿದ್ಧ, ಕರೆದ ಹತ್ತು ದಿನದೊಳಗೆ ಸೇರುತ್ತೇನೆ’ ಎಂದು ಹಾಕಿ. ಮೊದಲ ಸುತ್ತು ಈಗ ಹೆಚ್ಚಾಗಿ ಫೋನಿನಲ್ಲಿ, ವಿಡಿಯೊದಲ್ಲಿ ನಡೆಯುತ್ತದೆ. ಅದಕ್ಕಾಗಿ ರೈಲೂ ಇಲ್ಲದ ನಮ್ಮ ಜಿಲ್ಲೆಯಿಂದ ಬಸ್ ಹತ್ತಿ ಹೋಗಿ, ಪಿಜಿಗೆ ಬಾಡಿಗೆ ಕಟ್ಟುತ್ತಾ ಕಾಯುವುದು ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಬೇಡ ಎಂದೇ ನನ್ನ ಅಭಿಪ್ರಾಯ. ಕೊನೆಯ ಸುತ್ತಿಗೆ ಕರೆದಾಗ ಹೋಗಿ.

ಮಳೆಗಾಲದಲ್ಲಿ ಮಾತ್ರ ಎಚ್ಚರ. ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರ್ ಇಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಬೆಂಗಳೂರಿನವರಿಗೆ ಆಗುವುದಿಲ್ಲ. ಎರಡು ಸಲ ಸ್ವಿಚ್ ಆಫ್ ಬಂದರೆ ಮುಂದಿನ ಹೆಸರಿಗೆ ಹೋಗುತ್ತಾರೆ. ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ಇರುವ ನೆಂಟರಿಗೆ ಮೊದಲೇ ತಿಳಿಸಿ, ಅವರ ನಂಬರನ್ನೂ ಅರ್ಜಿಯಲ್ಲಿ ಸೇರಿಸಿ. ವಿಡಿಯೊ ಸಂದರ್ಶನವಿದ್ದರೆ ಹಿಂದಿನ ದಿನವೇ ‘ಇಲ್ಲಿ ಮಳೆ ಜೋರಾಗಿದೆ, ಸಂಪರ್ಕ ಕಡಿದರೆ ದಯವಿಟ್ಟು ಈ ನಂಬರಿಗೆ ಕರೆ ಮಾಡಿ’ ಎಂದು ಸಂದೇಶ ಕಳುಹಿಸಿ. ಭಾಗಮಂಡಲದ ಹುಡುಗನೊಬ್ಬ ಹೀಗೆ ಮಾಡಿದ್ದ. ಮಾತು ಮೂರು ಸಲ ಕಡಿಯಿತು, ಆದರೂ ಅವನ ಮುಂದಾಲೋಚನೆ ನನಗೆ ಬಹಳ ಹಿಡಿಸಿತು.

ಇಂಗ್ಲಿಷಿನ ಭಯವಿದ್ದರೆ, ಪ್ರಶ್ನೆ ಅರ್ಥವಾಗಿದೆ, ಉತ್ತರ ಕನ್ನಡದಲ್ಲಿ ಹೇಳಲೇ ಎಂದು ಕೇಳಿ. ಲೆಕ್ಕದ ಹುದ್ದೆಗೆ ಇದರಿಂದ ಯಾರನ್ನೂ ನಾನು ಬಿಟ್ಟಿಲ್ಲ. ಸಂಬಳದ ಮಾತು ಬಂದಾಗ ‘ನೀವು ಕೊಟ್ಟಷ್ಟು’ ಎನ್ನಬೇಡಿ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಬೇರೆ, ಕೈಗೆ ಬರುವುದು ಬೇರೆ. ತಿಂಗಳಿಗೆ 22,000 ಸಿಟಿಸಿ, ಅದರಲ್ಲಿ ಮೂಲವೇತನ 12,000 ಎಂದಿಟ್ಟುಕೊಳ್ಳಿ. ಪಿಎಫ್‌ಗೆ (ಭವಿಷ್ಯ ನಿಧಿಗೆ) ನಿಮ್ಮ ಪಾಲು ಶೇ. 12, ಅಂದರೆ 1,440. ಕಂಪನಿಯ ಪಾಲಿನ 1,440 ಕೂಡ ಹೆಚ್ಚಾಗಿ ಅದೇ 22,000ದೊಳಗೆ ಸೇರಿರುತ್ತದೆ. ಇಎಸ್‌ಐ (ನೌಕರರ ವಿಮೆ), ಗ್ರಾಚುಟಿ (ಕೆಲಸ ಬಿಡುವಾಗಿನ ಉಪದಾನ) ಲೆಕ್ಕ ಕಳೆದರೆ ಕೈಗೆ ಸಿಗುವುದು 18,000ದ ಆಸುಪಾಸು. ಊಟ, ವಸತಿಯ ಖರ್ಚನ್ನು ಈ ಮೊತ್ತದ ಎದುರಿಗಿಟ್ಟು ನೋಡಿ.

ಸಿದ್ದಾಪುರ ಸಮೀಪದಿಂದ, ತೋಟದ ವ್ಯವಸ್ಥಾಪಕರು

ಚೆಕ್‌ರೋಲ್ ವಿಷಯ ಓದಿ ಸಂತೋಷವಾಯಿತು. ತೋಟಗಳಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವವರ) ಕೆಲಸಕ್ಕೆ ಜಾಹೀರಾತು ಕೊಡುವವರು ಕಡಿಮೆ. ಬಾಯಿಂದ ಬಾಯಿಗೆ ಹೋಗಿ ಜನ ಸಿಗುತ್ತಾರೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ಅದರ ಹಿಂದೆಯೇ ರೊಬಸ್ಟಾ. ಕೊಯ್ಲು ಶುರುವಾದ ಮೇಲೆ ಬಂದರೆ ನಮಗೆ ತಲೆ ಎತ್ತಿ ಮಾತನಾಡಲೂ ಪುರುಸೊತ್ತಿರುವುದಿಲ್ಲ. ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಬಂದು ಕೇಳಿ. ಬಿ.ಕಾಂ. ಜೊತೆ ಟ್ಯಾಲಿ ಗೊತ್ತಿದ್ದು, ಬೆಳಿಗ್ಗೆ ಏಳೂವರೆಗೆ ಹಾಜರಿ ಕೂಗಲು ತಯಾರಿರುವ ಹುಡುಗರು ಸಿಗುವುದೇ ಕಷ್ಟವಾಗಿದೆ. ತೋಟದ ಕೆಲಸ ಎಂದರೆ ಕೀಳು ಎಂದುಕೊಂಡು ದೂರ ಹೋಗುತ್ತಾರೆ, ಅದು ನನಗೆ ನೋವಿನ ವಿಷಯ.

ಮಡಿಕೇರಿಯಿಂದ, ರೆಸಾರ್ಟ್‌ನ ಸ್ವಾಗತ ವಿಭಾಗದವರು

ನಮ್ಮಲ್ಲಿ ಕೇಳುವುದು ಬೇರೆ ಪ್ರಶ್ನೆ: ಬೆಳಿಗ್ಗೆ ಆರರ ಪಾಳಿಗೆ ಹೇಗೆ ಬರುತ್ತೀರಿ? ನನ್ನ ಊರಿನ ಮೊದಲ ಬಸ್ ಏಳೂಕಾಲಿಗೆ. ಸಂದರ್ಶನಕ್ಕೆ ಮೊದಲೇ ಇದನ್ನು ಯೋಚಿಸಿ, ಪಾಳಿಯ ದಿನಗಳಲ್ಲಿ ಸಿಬ್ಬಂದಿ ವಸತಿಯಲ್ಲಿ ಉಳಿಯುತ್ತೇನೆ ಎಂದು ನಾನೇ ಹೇಳಿದೆ. ಕೆಲಸ ಸಿಕ್ಕಿತು. ಮಳೆಗಾಲದಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆ, ದಸರೆಗೆ ಮುಂಚೆ ಕೇಳಿ ನೋಡಿ.

ವಿರಾಜಪೇಟೆಯಿಂದ

ನಾನು ಹಣ ಕಳೆದುಕೊಂಡವಳು, ಅದಕ್ಕೇ ಬರೆಯುತ್ತಿದ್ದೇನೆ. ವಿಮಾನ ನಿಲ್ದಾಣದಲ್ಲಿ ಕೆಲಸ ಎಂದು ಸಂದೇಶ ಬಂತು. ಫೋನಿನಲ್ಲೇ ಐದು ನಿಮಿಷದ ಸಂದರ್ಶನ, ಸಂಜೆಗೆ ಮುದ್ರೆ ಇದ್ದ ನೇಮಕಾತಿ ಪತ್ರ. ಸಮವಸ್ತ್ರಕ್ಕೆ ಎಂದು 2,500, ತರಬೇತಿಗೆ ಎಂದು 6,000 ಕಟ್ಟಿಸಿಕೊಂಡರು. ಮೂರನೆಯ ಸಲ ಕೇಳಿದಾಗ ಅಣ್ಣನಿಗೆ ಹೇಳಿದೆ. ಅಮ್ಮ ಕರಿಮೆಣಸು ಮಾರಿಟ್ಟಿದ್ದ ಹಣ ಅದು. ಕೆಲಸ ಕೊಡುವವರು ನಮ್ಮಿಂದ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ನಾಲ್ಕು ದಿನ ತಡ ಮಾಡಿದೆ. ಗಲ್ಫ್ ಕೆಲಸವಾದರೆ ಏಜೆಂಟರ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಶನಿವಾರಸಂತೆಯಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆ. ರಾತ್ರಿಯೇ ಕುಳಿತು ಬರೆದೆ: ‘ಎರಡು ವರ್ಷ ಮನೆಯ ಕಾಫಿ ಮಾರಾಟ, ಸಂಘದ ಸಾಲದ ಲೆಕ್ಕ ಮತ್ತು ತಂದೆಯ ವಿಮೆ ಮರುಪಾವತಿಯ ಕಾಗದ ಪತ್ರ ನೋಡಿಕೊಂಡಿದ್ದೇನೆ.’ ವಿಮೆಯವರು ಮೊದಲು ತಿರಸ್ಕರಿಸಿದ್ದರು, ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಮತ್ತೆ ಕಳುಹಿಸಿದ ಮೇಲೆ ಹಣ ಬಂತು. ಇದನ್ನೂ ಬರೆಯಬಹುದೇ? ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಒಂದು ಕೆಲಸ ನೋಡು ಎಂದು ನಾಲ್ಕು ಸಲ ಹೇಳಿದ್ದೇನೆ, ಅವನಿಂದ ಉತ್ತರವಿಲ್ಲ.

ನಾಪೋಕ್ಲಿನಿಂದ

ಖಂಡಿತ ಬರೆಯಿರಿ, ಅದನ್ನೇ ಮೊದಲ ಸಾಲಾಗಿ ಇಡಿ. ತಿರಸ್ಕೃತವಾದ ಅರ್ಜಿಯನ್ನು ಬಿಲ್ಲು ಜೋಡಿಸಿ ಮಂಜೂರು ಮಾಡಿಸಿದವರು ಲೆಕ್ಕ ವಿಭಾಗಕ್ಕೆ ಬೇಕಾದವರೇ. ಮೊತ್ತ ಎಷ್ಟು, ಬಿಲ್ಲು ಎಷ್ಟು ಎಂಬುದನ್ನೂ ಸೇರಿಸಿ. ಚಿಕ್ಕಪ್ಪನ ಮಗನಿಗೆ ‘ಒಂದು ಕೆಲಸ ನೋಡು’ ಎಂದರೆ ಅವನು ಯಾರ ಬಳಿ ಏನೆಂದು ಕೇಳಬೇಕು? ಅವನ ಕಂಪನಿಯ ತಾಣದಲ್ಲಿ ನಿಮಗೆ ಹೊಂದುವ ಹುದ್ದೆ ತೆರೆದಿದೆಯೇ ನೋಡಿ. ಇದ್ದರೆ ಆ ಹುದ್ದೆಯ ಕೊಂಡಿ, ನಿಮ್ಮ ಪಿಡಿಎಫ್, ಮೂರು ಸಾಲಿನ ಪರಿಚಯ ಕಳುಹಿಸಿ, ಇದನ್ನು ನಿಮ್ಮ ನೇಮಕಾತಿ ವಿಭಾಗಕ್ಕೆ ಮುಟ್ಟಿಸುತ್ತೀಯಾ ಎಂದು ಕೇಳಿ. ಹಾಗೆ ಒಳಗಿನವರ ಕೈಯಿಂದ ಬಂದ ಅರ್ಜಿಯನ್ನು ನಾನು ಓದದೆ ಬಿಟ್ಟದ್ದೇ ಇಲ್ಲ.

ಶುಕ್ರವಾರ ಮಡಿಕೇರಿಗೆ ಬರುತ್ತೇನೆ. ನಿಮಗೂ ಬರಲು ಸಾಧ್ಯವಾದರೆ ಹೊಸ ಪ್ರತಿಯನ್ನು ಮುದ್ರಿಸಿ ತನ್ನಿ, ಜೊತೆಗೆ ಒಂದು ಕೆಂಪು ಪೆನ್ನು. ಒಟ್ಟಿಗೆ ಕುಳಿತು ತಿದ್ದೋಣ.