ಫಿಲ್ಟರ್ ಹಾಕಿದರೂ ಹಾರ್ಮೋನಿಕ್ ಇಳಿಯುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ತೋಟದಮನೆ_ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಲು ಲೋರಾ (ಕಡಿಮೆ ಪವರ್‌ನಲ್ಲಿ ದೂರಕ್ಕೆ ಮಾಹಿತಿ ಕಳಿಸುವ ರೇಡಿಯೋ) ಬೋರ್ಡ್ ಮಾಡುತ್ತಿದ್ದೇನೆ. ಎಸ್‌ಎಕ್ಸ್1262 ಚಿಪ್, 866 ಮೆಗಾಹರ್ಟ್ಸ್, ಪವರ್ 20 ಡಿಬಿಎಂ, ಅಂದರೆ 100 ಮಿಲಿವ್ಯಾಟ್. ಮಳೆ ಹಿಡಿಯುವ ಮೊದಲು ಡಬ್ಬಿ ಮುಚ್ಚಿ ತೋಟದಲ್ಲಿ ಕೂರಿಸಿಬಿಡಬೇಕು, ಆಮೇಲೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ಇದಕ್ಕೆ ಕೈ ಹಾಕಲು ಆಗುವುದಿಲ್ಲ.

ಶಿವಮೊಗ್ಗದಲ್ಲಿ ಗೆಳೆಯರೊಬ್ಬರ ವರ್ಕ್‌ಶಾಪ್‌ನಲ್ಲಿ ಹಳೆಯ ಸ್ಪೆಕ್ಟ್ರಮ್ ಅನಲೈಜರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಯಂತ್ರ) ಇದೆ. ಬೋರ್ಡನ್ನು ನೇರ ಕೇಬಲ್‌ನಲ್ಲಿ ಅದಕ್ಕೆ ಕೊಟ್ಟು ನೋಡಿದೆ. 1732 ಮೆಗಾಹರ್ಟ್ಸ್‌ನಲ್ಲಿ ಎರಡನೇ ಹಾರ್ಮೋನಿಕ್ (866ರ ಎರಡು ಪಟ್ಟಿನಲ್ಲಿ ಬರುವ ಬೇಡದ ಸಿಗ್ನಲ್) ಮೂಲ ಸಿಗ್ನಲ್‌ಗಿಂತ 26 ಡಿಬಿ ಮಾತ್ರ ಕೆಳಗಿದೆ. ಇದು ಜಾಸ್ತಿಯಾಯಿತು ಅಂತ ಮೇಲಿನ ಫ್ರೀಕ್ವೆನ್ಸಿ ತಡೆಯುವ ಲೋ ಪಾಸ್ ಫಿಲ್ಟರ್ ಮಾಡಿದೆ. ಫಿಲ್ಟರ್ ಅಳೆಯುವ ವಿಎನ್‌ಎ ಯಂತ್ರದಲ್ಲಿ ಅದು ಸರಿಯಾಗಿಯೇ ಇದೆ, 1732ರಲ್ಲಿ 28 ಡಿಬಿ ತಡೆಯುತ್ತದೆ. ಆದರೆ ಬೋರ್ಡ್ ಮತ್ತು ಅನಲೈಜರ್ ನಡುವೆ ಹಾಕಿದರೆ ಹಾರ್ಮೋನಿಕ್ ಒಂದು ಡಿಬಿ ಕೂಡ ಅಲ್ಲಾಡಲಿಲ್ಲ! ಎರಡು ಸಲ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಫಿಲ್ಟರ್ ಮೇಲೆ ತಗಡಿನ ಮುಚ್ಚಳವನ್ನೂ ಕೂರಿಸಿದೆ. ಏನೂ ಬದಲಾಗಲಿಲ್ಲ.

ಇನ್ನೊಂದು ವಿಷಯ. ಮೂಲ ಸಿಗ್ನಲ್ 20 ಬರಬೇಕಾದ ಕಡೆ 17 ತೋರಿಸುತ್ತಿದೆ. ಕೇಬಲ್‌ನಲ್ಲಿ ಹೋಗುತ್ತಿರಬಹುದು ಅಂದುಕೊಂಡೆ. ಅನಲೈಜರ್‌ನ ಅಟೆನ್ಯುಯೇಷನ್ (ಒಳಗೆ ಬರುವ ಸಿಗ್ನಲ್ ತಗ್ಗಿಸುವುದು) 10 ಡಿಬಿ ಇಟ್ಟಿದ್ದೆ, ಆಟೋದಲ್ಲಿ ಬಿಟ್ಟರೆ ನಾಯ್ಸ್ ಫ್ಲೋರ್ (ಪರದೆಯ ತಳದ ಗದ್ದಲದ ಮಟ್ಟ) ಮೇಲೆ ಬಂದು ಏನೂ ಕಾಣುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ತುಂಗಾತೀರ_ಆರ್‌ಎಫ್:

ಸರ್, ಫಿಲ್ಟರ್ ಬಿಚ್ಚಬೇಡಿ, ಬೋರ್ಡ್‌ಗೂ ಕೈ ಹಾಕಬೇಡಿ. ನಿಮಗೆ ಕಾಣುತ್ತಿರುವ ಹಾರ್ಮೋನಿಕ್‌ನಲ್ಲಿ ಹೆಚ್ಚಿನ ಪಾಲು ಹುಟ್ಟುತ್ತಿರುವುದು ಅನಲೈಜರ್ ಒಳಗೆ.

ಒಳಗೆ ಮೊದಲು ಅಟೆನ್ಯುಯೇಟರ್, ಅದರ ಹಿಂದೆ ಸಿಗ್ನಲ್‌ನ ಫ್ರೀಕ್ವೆನ್ಸಿ ಬದಲಿಸುವ ಮಿಕ್ಸರ್ ಇರುತ್ತದೆ. 20 ಡಿಬಿಎಂ ಕೊಟ್ಟು 10 ಡಿಬಿ ಕಡಿಮೆ ಮಾಡಿದರೆ ಮಿಕ್ಸರ್ ತಲೆ ಮೇಲೆ ಇನ್ನೂ 10 ಡಿಬಿಎಂ ಬೀಳುತ್ತದೆ. ಎಷ್ಟೋ ಅನಲೈಜರ್‌ಗಳಲ್ಲಿ 0 ಡಿಬಿಎಂ ಆಸುಪಾಸಿಗೇ ಮಿಕ್ಸರ್ ಉಸಿರು ಕಟ್ಟುತ್ತದೆ. 20 ಇರುವುದು 17 ಅಂತ ಕಂಡಿತಲ್ಲ, ಅದೇ ಸುಳಿವು. ಒಂದು ಮೊಳ ಕೇಬಲ್ 866ರಲ್ಲಿ 3 ಡಿಬಿ ನುಂಗುವುದಿಲ್ಲ.

ಈಗ ಫಿಲ್ಟರ್ ವಿಷಯ. ಅದು 866ನ್ನು ಹಾಗೇ ಬಿಡುತ್ತದೆ, ಬಿಡಲೇಬೇಕು. ಆ 866 ಪೂರ್ತಿ ಬಲದಲ್ಲಿ ಮಿಕ್ಸರ್‌ಗೆ ಹೋಗಿ ಅಲ್ಲಿ ಹೊಸದಾಗಿ 1732 ಹುಟ್ಟಿಸುತ್ತದೆ. ಫಿಲ್ಟರ್ ದಾಟಿದ ಮೇಲೆ ಹುಟ್ಟಿದ್ದನ್ನು ಫಿಲ್ಟರ್ ಹೇಗೆ ತಡೆಯುತ್ತದೆ, ಅಲ್ವಾ?

ಖಚಿತ ಮಾಡಿಕೊಳ್ಳಲು ಅಟೆನ್ಯುಯೇಷನ್ 10ರಿಂದ 20ಕ್ಕೆ ಏರಿಸಿ. ಅಟೆನ್ಯುಯೇಷನ್ ಎಷ್ಟಿದೆಯೋ ಅಷ್ಟನ್ನು ಅನಲೈಜರ್ ತಾನೇ ಲೆಕ್ಕ ಹಾಕಿ ಸೇರಿಸುತ್ತದೆ, ಹಾಗಾಗಿ ನಿಜವಾದ ಸಿಗ್ನಲ್ ಪರದೆಯಲ್ಲಿ ಇದ್ದಲ್ಲೇ ಇರಬೇಕು. ಒಳಗೆ ಹುಟ್ಟಿದ ಎರಡನೇ ಹಾರ್ಮೋನಿಕ್ ಸುಮಾರು 10 ಡಿಬಿ ಕುಸಿಯುತ್ತದೆ, ಮೂರನೆಯದು ಸುಮಾರು 20. ಈಗಿನಷ್ಟು ಓವರ್‌ಲೋಡ್ ಇದ್ದಾಗ ಈ ಲೆಕ್ಕ ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ಇಳಿಯುವುದಂತೂ ಕಣ್ಣಿಗೆ ಕಾಣುತ್ತದೆ. ಇನ್ನು ಅಲ್ಲಾಡುವುದಿಲ್ಲ ಅನ್ನುವವರೆಗೆ ಏರಿಸುತ್ತಾ ಹೋಗಿ.

ನೀವು 1732ರ ಸುತ್ತ ಮಾತ್ರ ಸ್ಪ್ಯಾನ್ (ಪರದೆಯಲ್ಲಿ ಕಾಣುವ ಫ್ರೀಕ್ವೆನ್ಸಿ ವ್ಯಾಪ್ತಿ) ಚಿಕ್ಕದು ಮಾಡಿ ನೋಡುತ್ತಿದ್ದಿರಾ? ತುಂಬಾ ಜನ ಅಲ್ಲೇ ಎಡವುತ್ತಾರೆ. ಪರದೆಯಲ್ಲಿ 866 ಕಾಣದಿದ್ದರೂ ಮಿಕ್ಸರ್‌ಗೆ ಅದು ಕಾಣುತ್ತಲೇ ಇರುತ್ತದೆ. ಗೆರೆ ಮೇಲಕ್ಕೆ ಮುಟ್ಟಿಲ್ಲ ಅಂದ ಮಾತ್ರಕ್ಕೆ ಓವರ್‌ಲೋಡ್ ಇಲ್ಲ ಅಂತಲ್ಲ.

ಇನ್ಪುಟ್ ಕನೆಕ್ಟರ್ ಪಕ್ಕ ಬರೆದಿರುವ ಗರಿಷ್ಠ ಪವರ್ ಒಮ್ಮೆ ಓದಿ. ಸಾಮಾನ್ಯವಾಗಿ 30 ಡಿಬಿಎಂ ಇರುತ್ತದೆ, ಆದರೆ ಅಂಗೈಯಗಲದ ಅಗ್ಗದ ಅನಲೈಜರ್‌ಗಳಲ್ಲಿ ಇದಕ್ಕಿಂತ ತುಂಬಾ ಕಡಿಮೆ. ಹೊರಗೇ ಒಂದು 30 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ಬಿಡಿ ಅಟೆನ್ಯುಯೇಟರ್) ಹಾಕಿಕೊಳ್ಳಿ, ಅನಲೈಜರ್ ಅದನ್ನು ಲೆಕ್ಕಕ್ಕೆ ಸೇರಿಸಲು ಆಫ್‌ಸೆಟ್‌ನಲ್ಲಿ 30 ಕೊಡಿ. ಒಳಗಿನ ಅಟೆನ್ಯುಯೇಷನ್ನೂ ಸೇರಿ ಮಿಕ್ಸರ್‌ಗೆ ಮೈನಸ್ 30 ಡಿಬಿಎಂ ಅಥವಾ ಅದಕ್ಕಿಂತ ಕಡಿಮೆ ಹೋಗುವ ಹಾಗೆ ಇಟ್ಟುಕೊಂಡರೆ ನಿಶ್ಚಿಂತೆ.

ನಾಯ್ಸ್ ಫ್ಲೋರ್ ಏರುತ್ತದೆ ಅಂತ ಅಟೆನ್ಯುಯೇಷನ್ ಇಳಿಸಬೇಡಿ. ಆರ್‌ಬಿಡಬ್ಲ್ಯೂ (ಅನಲೈಜರ್ ಒಮ್ಮೆಗೆ ನೋಡುವ ಕಿಂಡಿಯ ಅಗಲ) ಇಳಿಸಿ, ಹತ್ತು ಪಟ್ಟು ಇಳಿಸಿದರೆ ನಾಯ್ಸ್ 10 ಡಿಬಿ ಇಳಿಯುತ್ತದೆ. ಆದರೆ ಲೋರಾ ಸಿಗ್ನಲ್ 125 ಕಿಲೋಹರ್ಟ್ಸ್ ಅಗಲ ಇರುವುದರಿಂದ ಅದೂ ಜೊತೆಗೇ ಇಳಿದುಬಿಡುತ್ತದೆ. ಅದಕ್ಕೆ ಚಿಪ್‌ನಲ್ಲಿ ಬರೀ ಕ್ಯಾರಿಯರ್ (ಮಾಹಿತಿ ಇಲ್ಲದ ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್) ಬಿಡುವ ಟೆಸ್ಟ್ ಮೋಡ್ ಇದೆ, ಅದನ್ನು ಹಾಕಿ ಅಳೆಯಿರಿ.

ಸಾಗರದ_ಹುಡುಗ:

ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಮುಂದೆ ಇವರು ಆಂಟೆನಾ ಹಚ್ಚಿ ತೋಟದಲ್ಲಿ ಅಳೆಯುತ್ತಾರೆ.

ನಮ್ಮ ಗುಡ್ಡದ ಮೇಲೆ ಮೊಬೈಲ್ ಟವರ್ ಇದೆ. ಅದರ ಕೆಳಗೆ ನಿಂತು 866ರ ಸುತ್ತ ನೋಡಿದರೆ ನಾಯ್ಸ್ ಫ್ಲೋರ್ ಉಸಿರಾಡುವ ಹಾಗೆ ಮೇಲೆ ಕೆಳಗೆ ಆಗುತ್ತಿತ್ತು, ಎಲ್ಲೆಲ್ಲೋ ಮೊಳಕೆ ಬಂದ ಹಾಗೆ ಸಣ್ಣ ಸಣ್ಣ ಗೆರೆಗಳು. ಎರಡು ದಿನ ಜಾಗದಲ್ಲೇ ತೊಂದರೆ ಇದೆ ಅಂತ ಅಲೆದಾಡಿದೆ. 850 ಬ್ಯಾಂಡಿನಲ್ಲಿ ಟವರ್‌ನಿಂದ ಫೋನ್‌ಗೆ ಬರುವ ಸಿಗ್ನಲ್ 869ರಿಂದಲೇ ಶುರು, ಲೋರಾಗೆ ಬಳಸುವ ನಮ್ಮ 865–868ರ ಗೋಡೆಗೆ ಅಂಟಿಕೊಂಡೇ ಇದೆ. ನಾನು ಅನಲೈಜರ್‌ನ ಪ್ರೀಆಂಪ್ (ಸಿಗ್ನಲ್ ಬಲ ಹೆಚ್ಚಿಸುವ ಭಾಗ) ಆನ್ ಇಟ್ಟುಕೊಂಡಿದ್ದೆ. ಆಫ್ ಮಾಡಿದ ಕೂಡಲೇ ಮುಕ್ಕಾಲು ಪಾಲು ಗೆರೆ ಮಾಯವಾದವು. ಉಳಿದಿದ್ದಕ್ಕೆ 866ರ ಬ್ಯಾಂಡ್ ಪಾಸ್ ಫಿಲ್ಟರ್ ಹಾಕಿದೆ, ಆದರೆ ಇಷ್ಟು ಹತ್ತಿರ ಇದ್ದರೆ ಅದೂ ಪೂರ್ತಿ ತಡೆಯುವುದಿಲ್ಲ. ಗುಡ್ಡದ ಆಚೆ ಬದಿಗೆ ಇಳಿದು ಅಳೆಯುವುದೇ ಸುಲಭ.

ತೋಟದಮನೆ_ತೀರ್ಥಹಳ್ಳಿ:

ಮೇಡಂ, ನಿನ್ನೆ ಬಸ್ ಹತ್ತಿ ಮತ್ತೆ ಶಿವಮೊಗ್ಗಕ್ಕೆ ಹೋಗಿದ್ದೆ. ಹೌದು, 1732ರ ಸುತ್ತ ಮಾತ್ರ ನೋಡುತ್ತಿದ್ದೆ, ಅದು ತಪ್ಪು ಅಂತ ಹೊಳೆದೇ ಇರಲಿಲ್ಲ.

ಮೊದಲು ಫಿಲ್ಟರ್ ಇಟ್ಟುಕೊಂಡೇ ಅಟೆನ್ಯುಯೇಷನ್ ಏರಿಸಿದೆ. ಮೂಲ ಸಿಗ್ನಲ್‌ಗೆ ಹೋಲಿಸಿದರೆ ಹಾರ್ಮೋನಿಕ್ 10ರಲ್ಲಿ ಮೈನಸ್ 26, 20ರಲ್ಲಿ ಮೈನಸ್ 35, 30ರಲ್ಲಿ ಮೈನಸ್ 45. ಗುಂಡಿ ಒತ್ತಿದಾಗಲೆಲ್ಲ ಆ ಗೆರೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು, 866 ಮಾತ್ರ 17ರಿಂದ ಮೇಲೆ ಹೋಗಿ 19ರ ಹತ್ತಿರ ನಿಂತುಬಿಟ್ಟಿತು. ಅದನ್ನು ನೋಡಿದಾಗ ಬೆಸುಗೆ ಬಿಚ್ಚಿ ಹಾಕಿದ ಎರಡು ರಾತ್ರಿ ನೆನಪಾಯಿತು.

ಆಮೇಲೆ 30 ಡಿಬಿ ಪ್ಯಾಡ್, ಬರೀ ಕ್ಯಾರಿಯರ್, ಆರ್‌ಬಿಡಬ್ಲ್ಯೂ 100 ಹರ್ಟ್ಸ್. ಫಿಲ್ಟರ್ ಇಲ್ಲದೆ ಮೈನಸ್ 42, ಅಟೆನ್ಯುಯೇಷನ್ ಎಷ್ಟು ಬದಲಿಸಿದರೂ ಅಲ್ಲೇ. ಫಿಲ್ಟರ್ ಹಾಕಿದ ಮೇಲೆ ಒಳಗಿನ ಅಟೆನ್ಯುಯೇಷನ್ 20ರಲ್ಲಿ ಮೈನಸ್ 64, 30ರಲ್ಲಿ ಮೈನಸ್ 69, 40ರಲ್ಲಿ ಮೈನಸ್ 70. ಇದು ಸರಿಯಾದ ಅಂಕಿ ಅಂತ ತೆಗೆದುಕೊಳ್ಳಬಹುದಾ? 40ರಲ್ಲಿ ನಾಯ್ಸ್ ಗೆರೆಯ ಬುಡಕ್ಕೆ ಬಂದಿತ್ತು, ಹಾಗಾಗಿ ಮುಂದೆ ಹೋಗಲಿಲ್ಲ.

ತುಂಗಾತೀರ_ಆರ್‌ಎಫ್:

ತೆಗೆದುಕೊಳ್ಳಿ. 42ರಿಂದ 70, ಅಂದರೆ 28 ಡಿಬಿ. ನಿಮ್ಮ ವಿಎನ್‌ಎ ಹೇಳಿದ್ದೂ ಅಷ್ಟೇ ಅಲ್ವಾ, ಎರಡೂ ಹೊಂದಿಕೊಂಡಿವೆ. 20ರಲ್ಲಿ 64 ಬಂದಿದ್ದು ಒಳಗಿನ ಹಾರ್ಮೋನಿಕ್ ಇನ್ನೂ ಸ್ವಲ್ಪ ಬೆರೆತಿದ್ದರಿಂದ. ಮೂರನೆಯದನ್ನು, 2598ರಲ್ಲಿ, ಇದೇ ರೀತಿ ಒಮ್ಮೆ ನೋಡಿಬಿಡಿ.

ಪ್ಯಾಡ್ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದೆ ನೋಡಿಟ್ಟುಕೊಳ್ಳಿ. ನಿಮ್ಮ 100 ಮಿಲಿವ್ಯಾಟ್‌ಗೆ 2 ವ್ಯಾಟಿನದು ಧಾರಾಳ. ಅದೇ ಪ್ಯಾಡ್‌ಗೆ ಯಾರಾದರೂ 5 ವ್ಯಾಟಿನ ವಾಕಿಟಾಕಿ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ, ಅದರ ಹಿಂದೆಯೇ ಗೆಳೆಯರ ಅನಲೈಜರ್ ಇರುತ್ತದೆ.