ಹಿಮ ಸುರಿದು ನಿಂತ ಮರುದಿನ ಬೋಳು ಇಳಿಜಾರನ್ನು ದಾಟಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವ ಅಗಲವಾದ ಪಾದುಕೆ) ತೊಟ್ಟು ಮೂರು ದಿನಗಳ ಚಳಿಗಾಲದ ಚಾರಣಕ್ಕೆ ಹೊರಡುವವರಿದ್ದೇವೆ. ಎರಡು ದಿನಗಳಿಂದ ಜೋರು ಗಾಳಿಯೊಡನೆ ಹಿಮ ಬೀಳುತ್ತಿದ್ದು, ಸುಮಾರು 40 ಸೆಂ.ಮೀ. ಹೊಸ ಹಿಮ ಕೂಡಿದೆ. ನಾಳೆಯಿಂದ ಆಕಾಶ ತಿಳಿಯಾಗಲಿದೆ ಎಂಬ ಮುನ್ಸೂಚನೆಯಿದೆ. ಆದರೆ ಹಿಮಕುಸಿತದ ಎಚ್ಚರಿಕೆ ಐದರಲ್ಲಿ ಮೂರನೆಯ ಹಂತದಲ್ಲಿದೆ. ಮೂರು ಎಂದರೆ ನಡುಮಟ್ಟ, ಜಾಗ್ರತೆಯಿಂದ ನಡೆದರೆ ಸಾಕು ಎಂಬುದು ಜೊತೆಗಾರರ ಅಭಿಪ್ರಾಯ. ದಾರಿಯಲ್ಲಿ ಮರಗಳಿಲ್ಲದ, ಸುಮಾರು 35 ಡಿಗ್ರಿಯ ಇಳಿಜಾರೊಂದನ್ನು ಅಡ್ಡಹಾಯಬೇಕು. ಹೋಗಬಹುದೇ, ಕಾಯಬೇಕೇ?

ಉತ್ತರ 1

ದಯವಿಟ್ಟು ಆ ಮೂರನ್ನು ಐದಕ್ಕೆ ಬಂದ ಮೂರು ಅಂಕದಂತೆ ಓದಬೇಡಿ. 1993ರಲ್ಲಿ ಯುರೋಪಿನ ದೇಶಗಳು ಒಪ್ಪಿಕೊಂಡ ಈ ಐದು ಹಂತಗಳಲ್ಲಿ ಅಪಾಯ ಮೆಟ್ಟಿಲಿನಂತೆ ಸಮನಾಗಿ ಏರುವುದಿಲ್ಲ, ಹಂತದಿಂದ ಹಂತಕ್ಕೆ ಪಟ್ಟುಗಟ್ಟಲೆ ಹೆಚ್ಚುತ್ತದೆ. ಮೂರನೆಯ ಹಂತದಲ್ಲಿ ಒಬ್ಬರ ಮೈಭಾರವೇ ಹಿಮವನ್ನು ಕಳಚಿಬಿಡಲು ಸಾಕಾಗಬಹುದು. ಸಾವುಗಳಲ್ಲಿ ದೊಡ್ಡ ಪಾಲು ಸಂಭವಿಸುವುದೂ ಇದೇ ಹಂತದಲ್ಲಿ. ನಾಲ್ಕು ಎಂದರೆ ಜನ ಹಿಂಜರಿಯುತ್ತಾರೆ, ಮೂರು ಎಂದರೆ ಹೊರಡುತ್ತಾರೆ.

ಇನ್ನು ಇಳಿಜಾರಿನ ಮಾತು. ಹಲಗೆಯಂತೆ ಒಟ್ಟಾಗಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿಯ ನಡುವೆ, ಮತ್ತು ನಿಮ್ಮ 35 ಡಿಗ್ರಿ ಅದರೊಳಗೇ ಬರುತ್ತದೆ. 40 ಸೆಂ.ಮೀ. ಎಂಬುದು ಅಳೆದ ಜಾಗದ ಲೆಕ್ಕ ಮಾತ್ರ. ಗಾಳಿಯು ಎದುರು ಬದಿಯ ಹಿಮವನ್ನು ಕೆರೆದು ತಂದು, ಮುಗಿಲಿನಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಮರೆಯ ಬದಿಯಲ್ಲಿ ಪೇರಿಸಬಲ್ಲದಾದ್ದರಿಂದ, ನೀವು ದಾಟಬೇಕಾದ ಇಳಿಜಾರು ಗಾಳಿಗೆ ಬೆನ್ನು ಮಾಡಿದ್ದರೆ ಅಲ್ಲಿ ಒಂದು ಮೀಟರಿಗೂ ಮೀರಿದ ಹಿಮ ಕೂಡಿರುವ ಸಾಧ್ಯತೆಯಿದೆ. ಆಕಾಶ ತಿಳಿಯಾದ ಮಾತ್ರಕ್ಕೆ ಆ ಹೊರೆ ಇಳಿಯುವುದಿಲ್ಲ.

ಉತ್ತರ 2

ಮೇಲಿನ ಹಿಮಕ್ಕಿಂತ ಅಡಿಯಲ್ಲಿ ಏನಿದೆ ಎಂಬುದು ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ. ಈ ಹಿಮ ಬೀಳುವ ಮೊದಲು ಮೋಡವಿಲ್ಲದ, ಗಾಳಿಯಿಲ್ಲದ ಚಳಿ ರಾತ್ರಿಗಳಿದ್ದವೇ? ಅಂಥ ರಾತ್ರಿಗಳಲ್ಲಿ ಹಿಮದ ಮೇಲ್ಮೈಯಲ್ಲಿ ಗರಿಯಂಥ ತೆಳು ಹರಳುಗಳು ಬೆಳೆಯುತ್ತವೆ. ಬೆಳಗಿನ ಬಿಸಿಲಿನಲ್ಲಿ ಅವು ಮಿನುಗುವುದನ್ನು ನೋಡುವುದೇ ಒಂದು ಚೆಂದ. ಆದರೆ ಹೊಸ ಹಿಮ ಅವನ್ನು ಮುಚ್ಚಿತೆಂದರೆ, ಅವು ಹಲಗೆಯಂಥ ಆ ಹಿಮದ ಅಡಿಯಲ್ಲಿ ಇಸ್ಪೀಟು ಎಲೆಗಳನ್ನು ನಿಲ್ಲಿಸಿಟ್ಟಂತೆ ನಿಂತಿರುತ್ತವೆ ಮತ್ತು ವಾರಗಟ್ಟಲೆ ಹಾಗೆಯೇ ಉಳಿಯಬಲ್ಲವು.

ಒಮ್ಮೆ ನಾನು ಬೆಟ್ಟದ ಬುಡದ ಸಮತಟ್ಟಿನಲ್ಲಿ ನಡೆಯುತ್ತಿದ್ದಾಗ ಕಾಲಡಿಯಿಂದ ‘ಧುಪ್’ ಎಂಬ ಸದ್ದು ಬಂದು, ಸುತ್ತಲಿನ ಹಿಮವೆಲ್ಲ ಒಂದೆರಡು ಬೆರಳಿನಷ್ಟು ಕುಸಿಯಿತು. ಕೂದಲೆಳೆಯಂಥ ಬಿರುಕು ನನ್ನ ಸ್ನೋಶೂ ಅಂಚಿನಿಂದ ಹೊರಟು ಮೇಲಕ್ಕೆ ಓಡಿತು. ನಾನು ಕಾಲಿಡದೇ ಇದ್ದ ಇಳಿಜಾರು ಕಣ್ಣೆದುರೇ ಕಳಚಿ ಬಿತ್ತು. ಆ ಸದ್ದು ಕೇಳಿಸಿದರೆ ಬೇರೆ ಯಾವ ಪರೀಕ್ಷೆಯನ್ನೂ ಮಾಡದೆ ಹಿಂತಿರುಗಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೌದು, ಹಿಮ ಬೀಳುವ ಮೊದಲು ಒಂದು ವಾರ ತಿಳಿಯಾದ ಚಳಿ ರಾತ್ರಿಗಳಿದ್ದವು. ನಸುಕಿನಲ್ಲೇ, ಹಿಮ ಗಟ್ಟಿಯಾಗಿರುವಾಗ ದಾಟಿದರೆ ಅಪಾಯ ಕಡಿಮೆಯಾಗುವುದಿಲ್ಲವೇ? ನಮ್ಮಲ್ಲಿ, ಹಿಮದಡಿ ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳುಹಿಸುವ ಮತ್ತು ಹಿಡಿಯುವ ಸಾಧನಗಳಾದ ಎರಡು ಬೀಕನ್‌ಗಳೂ ಇವೆ.

ಉತ್ತರ 3

ನಸುಕಿನ ಉಪಾಯವು ಬಿಸಿಲಿಗೆ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುವ ವಸಂತದ ಹಸಿ ಹಿಮಕ್ಕೆ ಸಲ್ಲುತ್ತದೆ. ಹೂತುಹೋದ ಹರಳುಗಳ ಮೇಲೆ ಕುಳಿತ ಒಣ ಹಲಗೆಯನ್ನು ಒಂದು ರಾತ್ರಿಯ ಚಳಿ ಬೆಸೆಯುವುದಿಲ್ಲ.

ಎರಡು ಬೀಕನ್ ನಾಲ್ವರಿಗೆ ಸಾಲವು. ಮೈಮೇಲೆ ಬೀಕನ್ ಇಲ್ಲದೆ ಹೂತವರನ್ನು ಉಳಿದವರ ಬೀಕನ್ ಹುಡುಕಲಾರದು. 457 ಕಿಲೋಹರ್ಟ್ಸ್‌ನಲ್ಲಿ ಒಂದು ಕಳುಹಿಸಬೇಕು, ಇನ್ನೊಂದು ಕೇಳಿಸಿಕೊಳ್ಳಬೇಕು. ಜೊತೆಗೆ ಪ್ರತಿಯೊಬ್ಬರ ಬಳಿಯೂ ಹಿಮದೊಳಗೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಮತ್ತು ಲೋಹದ ಸಲಿಕೆ ಇರಬೇಕು, ಏಕೆಂದರೆ ಜಾರಿದ ಹಿಮ ನಿಂತೊಡನೆ ಕೈಯಿಂದ ಬಗೆಯಲಾಗದಷ್ಟು ಬಿಗಿದುಕೊಳ್ಳುತ್ತದೆ. ಪೂರ್ತಿ ಹೂತವರನ್ನು ಮೊದಲ 10 ನಿಮಿಷಗಳಲ್ಲಿ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹೊರಗಿನಿಂದ ಬರುವ ರಕ್ಷಣಾ ತಂಡ ಅಷ್ಟರಲ್ಲಿ ತಲುಪುವುದು ತೀರ ಅಪರೂಪ. ಮೊಬೈಲನ್ನು ಬೀಕನ್‌ನಿಂದ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿಡುವುದನ್ನೂ ಈಗಲೇ ರೂಢಿ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ನಕ್ಷೆಯನ್ನು ಮತ್ತೆ ಬಿಡಿಸಿ ನೋಡಿದೆವು. ದಟ್ಟ ಮರಗಳ ನಡುವೆ ಸಾಗಿ ರಿಡ್ಜ್ (ಬೆಟ್ಟದ ಮೇಲಿನ ಏಣು) ಸೇರುವ ಇನ್ನೊಂದು ದಾರಿಯಿದೆ. ಎಲ್ಲಿಯೂ 25 ಡಿಗ್ರಿ ಮೀರುವುದಿಲ್ಲ, ಮೇಲ್ಗಡೆ ಕಡಿದಾದ ಇಳಿಜಾರೂ ಇಲ್ಲ. ಎರಡು ಗಂಟೆ ಹೆಚ್ಚು ಹಿಡಿಯುತ್ತದೆ. ಇನ್ನೆರಡು ಬೀಕನ್‌ಗಳನ್ನು ಬಾಡಿಗೆಗೆ ತಂದ ಮೇಲೆ ಆ ದಾರಿಯಲ್ಲೇ ಹೋಗುತ್ತೇವೆ.

ಉತ್ತರ 1

ಸರಿಯಾದ ನಿರ್ಧಾರ. ಆದರೆ ರಿಡ್ಜ್ ಮೇಲೆ ಗಾಳಿಗೆ ತಡೆಯಿರುವುದಿಲ್ಲ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗಿನಂತೆ ತಟ್ಟುತ್ತದೆ. ಆದ್ದರಿಂದ ಕೈಗವಸು, ಮುಖವಸ್ತ್ರಗಳನ್ನು ಮರಗಳ ಮರೆಯಲ್ಲಿರುವಾಗಲೇ ತೊಟ್ಟುಕೊಳ್ಳಿ. ಗಾಳಿಯ ಮರೆಯ ಅಂಚಿನಲ್ಲಿ ಸೂರಿನಂತೆ ಹೊರಚಾಚಿದ ಹಿಮ ಕಾಣಿಸಿದರೆ ಅದರಿಂದ ಧಾರಾಳವಾಗಿ ದೂರವಿರಿ. ಅಂಥ ಸೂರುಗಳು ಮುರಿಯುವಾಗ ಬಿರುಕು ಹೊರಚಾಚಿದ ಭಾಗದಲ್ಲಿ ಮಾತ್ರವಲ್ಲ, ಗಟ್ಟಿ ನೆಲವೆಂದು ಕಾಣುವ ಒಳಭಾಗದಲ್ಲಿಯೂ ಬೀಳುತ್ತದೆ.