330ಐ ಕಾರನ್ನು ಮದ್ರಾಸ್ ಸರ್ಕ್ಯೂಟ್‌ಗೆ ಒಯ್ಯುವ ಮುನ್ನ: ಬಲ್ಲವರ ಉತ್ತರಗಳು

ಕೇಳಿದ್ದು

ದಿನಾ ಬೆಂಗಳೂರಿನಲ್ಲಿ ಆಫೀಸಿಗೆ ಓಡಿಸುವ ಬಿಎಂಡಬ್ಲ್ಯು 330ಐ ಇದೆ. ಏನೂ ಮಾಡಿಫೈ ಮಾಡಿಸಿಲ್ಲ, ಕಂಪನಿ ಕೊಟ್ಟ ರನ್-ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟೈರ್‌ಗಳೇ ಇವೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಸರ್ಕ್ಯೂಟ್‌ನ ಟ್ರ್ಯಾಕ್ ಡೇಗೆ (ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೆಸರು ಕೊಟ್ಟಿದ್ದೇನೆ. ಆ ಕಾರಲ್ಲೇ ಹೋಗಿ ಆ ಕಾರಲ್ಲೇ ವಾಪಸ್ ಬರಬೇಕು. ಏನೇನು ಬದಲಿಸಬೇಕು, ಯಾವುದಕ್ಕೆ ದುಡ್ಡು ಹಾಕುವುದು ಬೇಡ?

ಉತ್ತರ 1

ಮೊದಲು ಬ್ರೇಕ್ ಫ್ಲೂಯಿಡ್, ಅಂದರೆ ಪೆಡಲ್ ಒತ್ತಿದ್ದನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ. ಉಳಿದದ್ದೆಲ್ಲ ಆಮೇಲೆ. ಆಳು ಸೇರಿ 1,600 ಕೆಜಿ ದಾಟುವ ಕಾರನ್ನು 180ರಿಂದ 80 ಕಿಮೀ ವೇಗಕ್ಕೆ ಒಮ್ಮೆ ಇಳಿಸಿದರೆ ಹುಟ್ಟುವ ಶಾಖ ಸುಮಾರು 16 ಲಕ್ಷ ಜೂಲ್. ಐದು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಪ್ರತಿ ಲ್ಯಾಪ್‌ನಲ್ಲೂ ಇಂಥ ಬ್ರೇಕಿಂಗ್ ಮತ್ತೆ ಮತ್ತೆ ಬರುತ್ತದೆ, ನಡುವೆ ಬ್ರೇಕ್ ಡಿಸ್ಕ್ ತಣಿಯಲು ಪುರುಸೊತ್ತಿಲ್ಲ.

ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಎರಡು ವರ್ಷ ಹಳೆಯ ಫ್ಲೂಯಿಡ್ ಇಟ್ಟುಕೊಂಡು ಟ್ರ್ಯಾಕಿಗೆ ಇಳಿಯಲೇಬೇಡಿ. ಒಂದು ಲೀಟರ್ ತೆಗೆದುಕೊಂಡು ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣದ ಫ್ಲೂಯಿಡ್ ಬರುವವರೆಗೆ ಪೂರ್ತಿ ಬದಲಿಸಿ. ರೇಸಿಂಗ್ ಫ್ಲೂಯಿಡ್‌ಗಳ ಕುದಿಬಿಂದು 300 ದಾಟುತ್ತದೆ, ಆದರೆ ಹೆಚ್ಚಿನವು ದಪ್ಪ. ಈ ಕಾರಿನ ಸ್ಟೆಬಿಲಿಟಿ ವ್ಯವಸ್ಥೆ ತೆಳು ಫ್ಲೂಯಿಡ್‌ಗೆ ಹೊಂದಿದ್ದು, ಆದ್ದರಿಂದ ದಿನಬಳಕೆಗೂ ಇರುವ ಕಾರಿಗೆ ಹೊಸ, ತೆಳುವಾದ ಕ್ಲಾಸ್ 6 ಡಾಟ್ 4 ಸಾಕು. ಡಾಟ್ 5 ಸಿಲಿಕೋನ್ ಹಾಕಲೇಬಾರದು. ಬ್ರೇಕ್ ಪೈಪಿನೊಳಗೆ ಗಾಳಿ ಹೊಕ್ಕರೆ ಎಬಿಎಸ್ ಘಟಕದಿಂದ ಅದನ್ನು ತೆಗೆಯಲು ಸ್ಕ್ಯಾನರ್ ಬೇಕಾಗಬಹುದು; ಅದಿರುವ ಕಡೆಯೇ ಕೆಲಸ ಮಾಡಿಸಿ.

ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಸವೆದು ತೆಳುವಾದ ಪ್ಯಾಡ್ ಶಾಖವನ್ನು ನೇರವಾಗಿ ಕ್ಯಾಲಿಪರ್‌ಗೆ (ಪ್ಯಾಡನ್ನು ಒತ್ತುವ ಭಾಗ) ದಾಟಿಸುತ್ತದೆ. ಡಿಸ್ಕ್ ಮೇಲೆ ಸಣ್ಣ ಕೂದಲೆಳೆ ಬಿರುಕು ಪರವಾಗಿಲ್ಲ, ಅಂಚು ಮುಟ್ಟಿದ ಬಿರುಕಿದ್ದರೆ ಬದಲಿಸಿ.

ಉತ್ತರ 2

ಫ್ಲೂಯಿಡ್ ವಿಷಯ ನೂರಕ್ಕೆ ನೂರು ಒಪ್ಪಿದೆ. ಆದರೆ ಕಂಪನಿ ಪ್ಯಾಡಿನಲ್ಲಿ ಒಂದೇ ಸಮನೆ 15 ನಿಮಿಷ ಜೋರಾಗಿ ಓಡಿಸಬಹುದು ಅಂದುಕೊಳ್ಳಬೇಡಿ. ಪ್ಯಾಡ್ ಸೋತರೆ ಲಕ್ಷಣ ಬೇರೆ: ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಮೆತ್ತಗಾದರೆ ಫ್ಲೂಯಿಡ್, ಗಟ್ಟಿಯಿದ್ದೂ ಹಿಡಿಯದಿದ್ದರೆ ಪ್ಯಾಡ್. ಎರಡರಲ್ಲೂ ಮಾಡುವುದು ಒಂದೇ, ಇಂಡಿಕೇಟರ್ ಹಾಕಿ ನಿಧಾನವಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬನ್ನಿ. ಒಂದು ಬಿಸಿ ಮಾಡುವ ಲ್ಯಾಪ್, ಎರಡು ಮೂರು ವೇಗದ ಲ್ಯಾಪ್, ಆಮೇಲೆ ಬ್ರೇಕ್ ಹೆಚ್ಚು ಮುಟ್ಟದೆ ಒಂದು ತಣಿಸುವ ಲ್ಯಾಪ್. ಈ ತೂಕದ ಸೆಡಾನ್‌ಗೆ ಅಷ್ಟೇ ಅಳತೆ.

ಪಿಟ್‌ಗೆ ಬಂದ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಬೇಡಿ, ಆಟೋ ಹೋಲ್ಡ್ (ಕಾರು ನಿಂತಾಗ ತಾನೇ ಬ್ರೇಕ್ ಹಿಡಿದಿಡುವ ಸೌಲಭ್ಯ) ಮೊದಲೇ ಆಫ್ ಮಾಡಿರಿ. ಬಿಸಿ ಡಿಸ್ಕನ್ನು ಪ್ಯಾಡ್ ಕಚ್ಚಿ ಹಿಡಿದರೆ ಅಲ್ಲೇ ವಸ್ತು ಅಂಟಿಕೊಂಡು, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಪಿ ಗೇರ್‌ಗೆ ಹಾಕಿ, ಚಕ್ರ ಉರುಳದಂತೆ ಅಡ್ಡ ತಡೆ ಕೊಡಿ. ಎಂಜಿನ್ ಆಫ್ ಮಾಡಿದಾಗ ಕಾರು ತಾನಾಗಿ ಬ್ರೇಕ್ ಹಾಕಿಕೊಳ್ಳುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಉತ್ತರ 3

ಟೈರ್ ಬಗ್ಗೆ. ರನ್-ಫ್ಲ್ಯಾಟ್‌ನ ಪಕ್ಕದ ಗೋಡೆ ದಪ್ಪ, ಬೇಗ ಬಿಸಿಯಾಗುತ್ತದೆ, ಭುಜದ (ಪಕ್ಕದ ಗೋಡೆ ಶುರುವಾಗುವ ಅಂಚು) ರಬ್ಬರ್ ತುಂಡು ತುಂಡಾಗಿ ಕಿತ್ತುಬರಬಹುದು. ಹಾಗಂತ ಈಗಲೇ ಹೊಸ ಸೆಟ್ ಕೊಳ್ಳುವುದು ಬೇಡ. ಮೊದಲ ಸಲಕ್ಕೆ ಟೈರಿನ ಗೀರುಗಳ ಆಳ 4 ಮಿಮೀಗಿಂತ ಹೆಚ್ಚು ಉಳಿದಿದ್ದರೆ ನಡೆಯುತ್ತದೆ.

ಒಳ್ಳೆಯ ಗೇಜ್ ಒಂದು, ಸಣ್ಣ ಕಂಪ್ರೆಸರ್ ಒಂದು ಜೊತೆಗಿರಲಿ. ಓಡಿದಾಗ ಒತ್ತಡ 6–8 ಪಿಎಸ್‌ಐ ಏರುತ್ತದೆ. ತಣ್ಣಗಿದ್ದಾಗ 31ರ ಹತ್ತಿರ ಶುರು ಮಾಡಿ, ಪಿಟ್‌ಗೆ ಬಂದ ತಕ್ಷಣ ಅಳೆದು, ಬಿಸಿಯಲ್ಲಿ 36–38ರೊಳಗೆ ಇರುವಂತೆ ಸರಿಪಡಿಸಿ. ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ಟೈರ್ ಎಷ್ಟು ಮಗುಚುತ್ತಿದೆ ಎಂದು ಗೊತ್ತಾಗುತ್ತದೆ: ಗೆರೆ ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ. ಬಲ ತಿರುವುಗಳಲ್ಲಿ ಎಡ ಮುಂದಿನ ಟೈರ್ ಹೆಚ್ಚು ಸವೆಯುತ್ತದೆ, ಅದನ್ನೇ ಮೊದಲು ನೋಡಿ. ಮನೆಗೆ ಹೊರಡುವಾಗ ಟೈರ್ ಪೂರ್ತಿ ತಣಿದ ಮೇಲೆ ಬಾಗಿಲ ಪಟ್ಟಿಯಲ್ಲಿ ಬರೆದಷ್ಟು ಗಾಳಿ ಮತ್ತೆ ತುಂಬಿ. ಸ್ಟೆಪ್ನಿ ಇಲ್ಲದ ಕಾರಲ್ಲಿ ಸುಮಾರು 300 ಕಿಮೀ ಹೆದ್ದಾರಿ ಬಾಕಿ ಇದೆ!

ಚಕ್ರದ ಬೋಲ್ಟ್ 140 ನ್ಯೂಟನ್ ಮೀಟರ್. ಬಿಸಿಯಲ್ಲಿ ಬಿಗಿ ಮಾಡಬೇಡಿ, ತಣಿದ ಮೇಲೆ ಟಾರ್ಕ್ ರೆಂಚ್‌ನಿಂದ ನೋಡಿ.

ಉತ್ತರ 4

ಡಿಎಸ್‌ಸಿ (ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ವ್ಯವಸ್ಥೆ) ಪೂರ್ತಿ ಆಫ್ ಮಾಡಬೇಡಿ. ಆದರೆ ಅದು ಆನ್ ಇದ್ದಾಗ ಚಕ್ರ ಜಾರಿದಲ್ಲೆಲ್ಲ ತಾನೇ ಬ್ರೇಕ್ ಹಾಕುತ್ತದೆ, ಹಿಂದಿನ ಬ್ರೇಕ್ ಬಿಸಿಯಾಗುತ್ತದೆ. ದೀಪ ಪದೇ ಪದೇ ಮಿನುಗುತ್ತಿದ್ದರೆ ನೀವು ಥ್ರಾಟಲ್ ಬೇಗ ಕೊಡುತ್ತಿದ್ದೀರಿ ಎಂದರ್ಥ. ಗೇರ್ ಮ್ಯಾನ್ಯುಯಲ್‌ನಲ್ಲಿಡಿ, 'ಡಿ' (ಆಟೋಮ್ಯಾಟಿಕ್) ಸ್ಥಾನದಲ್ಲಿ ತಿರುವಿನ ಮಧ್ಯೆ ಗೇರ್ ಬದಲಾಗಬಹುದು.

ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕಡ್ಡಿ ಈ ಕಾರಿನಲ್ಲಿ ಇಲ್ಲ, ಎಂಜಿನ್ ಬಿಸಿಯಾದ ಮೇಲೆ ಪರದೆಯಲ್ಲೇ ಆಯಿಲ್ ಅಳೆಯಬೇಕು. ಮೇಲಿನ ಗೆರೆ ದಾಟುವಂತೆ ತುಂಬಬೇಡಿ. ಪೆಟ್ರೋಲ್ ಅರ್ಧ ಟ್ಯಾಂಕ್‌ಗಿಂತ ಇಳಿಯದಿರಲಿ, ಇಲ್ಲದಿದ್ದರೆ ಉದ್ದನೆಯ ತಿರುವಿನಲ್ಲಿ ಪಂಪ್‌ಗೆ ಸಿಗದೆ ಹೋಗಬಹುದು. ಎಸಿ ಆಫ್ ಮಾಡಿದರೆ ರೇಡಿಯೇಟರ್ ಮುಂದಿನ ಕಂಡೆನ್ಸರ್ ಶಾಖ ಕಡಿಮೆಯಾಗುತ್ತದೆ. ಚೆನ್ನೈ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ. ಬೆಳಗಿನ ಸೆಷನ್‌ಗಳನ್ನೇ ಕೇಳಿ ಪಡೆಯಿರಿ.

ಶಕ್ತಿ ಹೆಚ್ಚಿಸುವ ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಾವಣೆ), ಬೇರೆ ಎಕ್ಸಾಸ್ಟ್ ಎರಡೂ ಬೇಡ. 258 ಅಶ್ವಶಕ್ತಿಯನ್ನು ನಿಲ್ಲಿಸುವುದೇ ಇಲ್ಲಿನ ಕಷ್ಟ.

ಉತ್ತರ 5

ಯಾರೂ ಹೇಳದಿದ್ದದ್ದು ವಿಮೆ. ನಮ್ಮ ವಾಹನ ಪಾಲಿಸಿಗಳಲ್ಲಿ "ಬಳಕೆಯ ಮಿತಿ" ಎಂಬ ಭಾಗ ಇರುತ್ತದೆ. ಆಯೋಜಿತ ರೇಸಿಂಗ್, ವೇಗ ಪರೀಕ್ಷೆ ಎಲ್ಲ ಅದರ ಹೊರಗೆ. ಗೋಡೆಗೆ ತಾಗಿದರೆ ಪೂರ್ತಿ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿಯೇ ಹೊರಡಿ. ವಾರಂಟಿ ಪುಸ್ತಕವನ್ನೂ ಓದಿ.

ಇನ್ನು ಸಣ್ಣವು: ಚಾಲಕನ ಮ್ಯಾಟ್, ನೀರಿನ ಬಾಟಲಿ, ಕೊಡೆ, ಡಿಕ್ಕಿಯ ಸಾಮಾನು ಎಲ್ಲ ಹೊರಗೆ. ಟೋ ಹುಕ್ ಟೂಲ್ ಕಿಟ್‌ನಲ್ಲಿದೆಯೇ, ಬಂಪರ್‌ನ ಮುಚ್ಚಳ ತೆಗೆದರೆ ಕೂರುತ್ತದೆಯೇ, ಮೊದಲೇ ಪರೀಕ್ಷಿಸಿ. ಮುಖ ಮುಚ್ಚುವ ಹೆಲ್ಮೆಟ್, ಹತ್ತಿಯ ತುಂಬುತೋಳಿನ ಅಂಗಿ, ತೆಳು ಅಡಿಯ ಶೂ. ಸೀಟಿಗೆ ಬೆನ್ನು ಒತ್ತಿ ಕೂತಾಗ ಮಣಿಕಟ್ಟು ಸ್ಟಿಯರಿಂಗ್ ಮೇಲ್ತುದಿಗೆ ತಾಗಬೇಕು, ಹೆಲ್ಮೆಟ್ ಚಾವಣಿಗೆ ತಾಗಬಾರದು.

ದಿನ ಮುಗಿದ ಕೂಡಲೇ ಚಕ್ರಕ್ಕೆ ನೀರು ಹೊಡೆಸಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು. ಹೆದ್ದಾರಿಗೆ ಹತ್ತುವ ಮುನ್ನ ಪ್ಯಾಡ್ ದಪ್ಪ, ಆಯಿಲ್ ಮಟ್ಟ, ಟೈರಿನ ಒಳ ಅಂಚು ಮೂರನ್ನೂ ನೋಡಿ. ಮರುವಾರ ಬ್ರೇಕ್ ಫ್ಲೂಯಿಡನ್ನು ಮತ್ತೊಮ್ಮೆ ಬ್ಲೀಡ್ ಮಾಡಿಸಿ (ಒಳಗಿನ ಗಾಳಿ, ಹಳೆ ಫ್ಲೂಯಿಡ್ ಹೊರಗೆ ತೆಗೆಸಿ).